ಶಬ್ದ ಕೇಳ್ತದೆ, ಮಾತು ಕೇಳಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ದೀಪಾವಳಿ ಹೊತ್ತಿಗೆ ನಿಮ್ಮ ಪೇಪರಿನ ಪುರವಣೀಲಿ ಹೊಸ ಟಿವಿ, ಹೋಮ್ ಥಿಯೇಟರ್ ತಗೊಳ್ಳೋರಿಗೆ ಅಂತ ಒಂದು ಪೂರ್ತಿ ಪುಟ ಬಂದಿತ್ತು. ಎಷ್ಟು ಇಂಚು, ಎಷ್ಟು ವ್ಯಾಟ್, ಎಷ್ಟು ರೇಟು, ಯಾವುದಕ್ಕೆ ಎಷ್ಟು ಡಿಸ್ಕೌಂಟು ಎಲ್ಲಾ ಇತ್ತು. ಆದ್ರೆ ತಂದ ಮೇಲೆ ಆ ಸ್ಪೀಕರ್ ಬಾಕ್ಸುಗಳನ್ನ ಮನೇಲಿ ಎಲ್ಲಿ ಇಡ್ಬೇಕು ಅನ್ನೋದಕ್ಕೆ ಒಂದು ಸಾಲೂ ಇರ್ಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಆದ್ರೂ ಆದಷ್ಟು ಕತ್ತರಿ ಹಾಕದೆ ಪ್ರಕಟಿಸಿ ಅಂತ ಕೇಳ್ಕೊಳ್ತೀನಿ.

ನಾನು ಹೊಸನಗರ ತಾಲ್ಲೂಕಿನವನು, 22 ವರ್ಷದಿಂದ ಮೈಕ್ ಸೆಟ್ ಕೆಲಸ ಮಾಡ್ಕೊಂಡು ಬಂದಿದೀನಿ. ಮದುವೆ, ಗೃಹಪ್ರವೇಶ, ಗಣಪತಿ ಹಬ್ಬ, ಶಾಲೆ ವಾರ್ಷಿಕೋತ್ಸವ, ಯಕ್ಷಗಾನ ಎಲ್ಲದಕ್ಕೂ ಬಾಕ್ಸ್ ಹೊತ್ಕೊಂಡು ಹೋಗಿದೀನಿ. ಯಕ್ಷಗಾನದಲ್ಲಿ ನೋಡಿ, ಹಿಮ್ಮೇಳದಲ್ಲಿ ಭಾಗವತರು ನಡುವೆ ಕೂರ್ತಾರೆ, ಒಂದು ಪಕ್ಕ ಮದ್ದಲೆ, ಇನ್ನೊಂದು ಪಕ್ಕ ಚಂಡೆ. ನಾನು ಬಾಕ್ಸ್ ಇಡೋ ಜಾಗ ಒಂದು ನಾಲ್ಕು ಅಡಿ ತಪ್ಪಿದ್ರೂ ಸಾಕು, ಚಂಡೆ ಪೆಟ್ಟು ಊರಿಗೆಲ್ಲ ಕೇಳ್ತದೆ, ಪದ್ಯದ ಸಾಹಿತ್ಯ ಮಾತ್ರ ಮೂರನೇ ಸಾಲಿನಲ್ಲಿ ಕೂತ ಅಜ್ಜನಿಗೂ ತಲುಪಲ್ಲ. ಆಗ ಜನ ಎದ್ದು ಬಂದು ವಾಲ್ಯೂಮ್ ಜಾಸ್ತಿ ಮಾಡಿ ಅಂತಾರೆ. ಜಾಸ್ತಿ ಮಾಡಿದ್ರೆ ಚಂಡೆಯೂ ಜಾಸ್ತಿ ಆಗ್ತದೆ. ಅಲ್ಲಿ ಬೇಕಾಗಿರೋದು ಬಾಕ್ಸ್ ಸರಿಯಾದ ಕಡೆ ತಿರುಗಿಸೋದು. ಇದೇ ಕತೆ ಈಗ ಮನೆಮನೆ ಹಾಲ್‌ನಲ್ಲೂ ನಡೀತಾ ಇದೆ.

ನಮ್ಮ ಮನೇದೇ ಹೇಳ್ತೀನಿ. ನನ್ನ ತಮ್ಮ ಶಿವಮೊಗ್ಗದಲ್ಲಿ ಹೊಸ ಮನೆ ಕಟ್ಟಿಸಿದ. ಹಾಲು 18 ಅಡಿ ಅಗಲ, 14 ಅಡಿ ಉದ್ದ, ನೆಲಕ್ಕೆ ಕನ್ನಡಿ ಹಾಗೆ ಹೊಳೆಯೋ ಟೈಲ್ಸು, ಒಂದು ಕಡೆ ದೊಡ್ಡ ಗ್ಲಾಸ್ ಕಿಟಕಿ, ಮೇಲೆ ಪಿಓಪಿ. ಚೆನ್ನಾಗೇ ಇದೆ ಮನೆ. ಅಮ್ಮನಿಗೆ ಸೀರಿಯಲ್, ಯಕ್ಷಗಾನದ ವಿಡಿಯೋ ಎಲ್ಲ ಚೆನ್ನಾಗಿ ಕೇಳ್ಲಿ ಅಂತಾನೇ ಅವನು 5.1 ಸೆಟ್, ಅಂದ್ರೆ ಐದು ಬಾಕ್ಸು ಮತ್ತು ಗುಂಯ್ ಅನ್ನೋ ಕೆಳಗಿನ ಶಬ್ದಕ್ಕೆ ಒಂದು ಸಬ್ ವೂಫರ್ ಇರೋದನ್ನ ತಂದಿದ್ದು, ದುಡ್ಡೂ ಕಮ್ಮಿ ಏನಲ್ಲ. ಅಂಗಡಿ ಹುಡುಗರು ಸಂಜೆ ಏಳು ಗಂಟೆಗೆ ಡ್ರಿಲ್ ಮಷೀನ್ ಹಿಡ್ಕೊಂಡು ಬಂದ್ರು, ನಾಲ್ಕು ಮೂಲೆಗೆ ನಾಲ್ಕು ಬಾಕ್ಸು ಸೂರಿನ ಹತ್ರ 9 ಅಡಿ ಎತ್ತರದಲ್ಲಿ ಹೊಡೆದ್ರು, ನಡುವಿನ ಸೆಂಟರ್ ಬಾಕ್ಸನ್ನ ಟಿವಿ ಯೂನಿಟ್ಟಿನ ಕೆಳಗಿನ ಖಾನೇಲಿ ಗಾಜಿನ ಬಾಗಿಲ ಹಿಂದೆ ತಳ್ಳಿದ್ರು, ಸಬ್ ವೂಫರ್‌ನ ಸೋಫಾ ಹಿಂದಿನ ಮೂಲೇಲಿ ಇಟ್ರು, ಒಂದು ಹಾಡು ಜೋರಾಗಿ ಹಾಕಿ ತೋರ್ಸಿ ಮುಕ್ಕಾಲು ಗಂಟೆಯೊಳಗೆ ಹೋಗಿಬಿಟ್ರು. ವಯರ್ ಒಂದೂ ಕಾಣ್ತಿರ್ಲಿಲ್ಲ, ಅದೊಂದು ಮಾತ್ರ ನೀಟಾಗಿತ್ತು.

ಆಮೇಲೆ ಅಮ್ಮ ಟಿವಿ ಮುಂದೆ ಕೂರೋದೇ ಬಿಟ್ರು. ಮೊದಮೊದಲು ಏನಂದ್ರು ಅಂತ ಪಕ್ಕದವರನ್ನ ಕೇಳ್ತಿದ್ರು, ಮೊಮ್ಮಕ್ಕಳು ಶ್ ಅಂತಿದ್ವು, ಕಡೆಗೆ ಸಂಜೆ ಆದ್ರೆ ಅಡುಗೆಮನೇಲಿ ಹೋಗಿ ಸುಮ್ನೆ ಕೂರೋಕೆ ಶುರು ಮಾಡಿದ್ರು. ನಾವು ಅಣ್ಣತಮ್ಮ ಇಬ್ರೂ ಅಮ್ಮನ ಕಿವಿ ಹೋಯ್ತು ಅಂತ ತೀರ್ಮಾನ ಮಾಡಿಬಿಟ್ವಿ. ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ಅವರು ಪರೀಕ್ಷೆ ಮಾಡಿ, ವಯಸ್ಸಿಗೆ ತಕ್ಕಷ್ಟು ಸ್ವಲ್ಪ ಕಮ್ಮಿ ಆಗಿದೆ, ಮಷೀನ್ ಬೇಕಾಗಿಲ್ಲ ಅಂದ್ರು. ಅಮ್ಮ ಅವತ್ತು ಬಸ್‌ಸ್ಟ್ಯಾಂಡಲ್ಲಿ ನನಗೆ ಹೇಳಿದ ಮಾತು ಇವತ್ತಿಗೂ ಕಿವೀಲಿದೆ: "ನನಗೆ ಶಬ್ದ ಎಲ್ಲ ಕೇಳ್ತದೆ ಮಾರಾಯ, ಮಾತು ಕೇಳಲ್ಲ."

ಅದೇ ಅಮ್ಮ ಊರಿಗೆ ಬಂದಾಗ, ಹಳೇ ಹಂಚಿನ ಮನೆ ಜಗುಲೀಲಿ ಇಟ್ಟಿರೋ ಹಳೇ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ ಹಾಕಿದ್ರೆ ಒಳಗೆ ಒಲೆ ಮುಂದೆ ಕೂತು ವಾರ್ತೆ ಪೂರ್ತಿ ಕೇಳಿಸ್ಕೊಂಡು ಹೊರಗೆ ಬಂದು ನಮಗೆ ಹೇಳ್ತಾರೆ. ಅದರಲ್ಲಿರೋದು ಅಂಗೈ ಅಗಲದ ಒಂದೇ ಒಂದು ಸ್ಪೀಕರು. ಅಲ್ಲಿಗೆ ತೊಂದರೆ ಕಿವೀದಲ್ಲ ಅಂತ ನನಗೆ ಖಾತ್ರಿ ಆಯ್ತು. 22 ವರ್ಷ ಇದೇ ಕೆಲಸ ಮಾಡಿದ ನಾನು ಮೊದಲನೇ ದಿನವೇ ತಮ್ಮನ ಮನೆಗೆ ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಮಾತು ಯಾಕೆ ಕೇಳಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಹಾಲು, ಸಾಲು, ಕಾಲು, ಪಾಲು ಅಂತ ನಾಲ್ಕು ಪದ ಹೇಳಿ ನೋಡಿ. "ಆಲು" ಅನ್ನೋದು ನಾಲ್ಕರಲ್ಲೂ ಒಂದೇ, ಶಕ್ತಿ ಎಲ್ಲ ಇರೋದು ಆ "ಆ"ಕಾರದಲ್ಲಿ, ಅದು ದೂರಕ್ಕೂ ಹೋಗ್ತದೆ. ಆದ್ರೆ ಯಾವ ಪದ ಅಂತ ತಿಳಿಸೋದು ಮೊದಲಿಗೆ ಬರೋ ಸಣ್ಣ ವ್ಯಂಜನ, ಸ ಅನ್ನೋವಾಗ ಹಲ್ಲಿನ ಸಂದೀಲಿ ಬರೋ ಆ ತೆಳು ಶಬ್ದ. ಅದು ಹೆಚ್ಚಿನ ಫ್ರೀಕ್ವೆನ್ಸೀದು, ಅಂದ್ರೆ ಸೆಕೆಂಡಿಗೆ ಹೆಚ್ಚು ಸಲ ಅದುರೋದು, ಆ ಲೆಕ್ಕಕ್ಕೆ ಹರ್ಟ್ಸ್ ಅಂತಾರೆ, ಹೆಚ್ಚಾಗಿ 2000 ಹರ್ಟ್ಸ್‌ನಿಂದ ಮೇಲಕ್ಕೆ, ಸ ಶ ಅಂಥವು ಇನ್ನೂ ಮೇಲೆ. ಬಾಕ್ಸಿನಲ್ಲಿ ಅದನ್ನ ಹೊರಡಿಸೋದು ಟ್ವೀಟರ್ ಅನ್ನೋ ಚಿಕ್ಕ ಭಾಗ. ಟ್ವೀಟರಿನ ಶಬ್ದ ಬ್ಯಾಟರಿ ಬೆಳಕಿನ ಹಾಗೆ, ಯಾವ ಕಡೆ ಹಿಡೀತೀವೋ ಆ ಕಡೆ ಮಾತ್ರ ಜೋರು, ಬೆಳಕು ಗಾಜು ದಾಟ್ತದೆ, ಇದು ಮಾತ್ರ ಗಾಜು ಅಡ್ಡ ಬಂದ್ರೆ ಬಹುಪಾಲು ನಿಂತುಹೋಗ್ತದೆ. ದಪ್ಪ ಶಬ್ದ ಹೊರಡಿಸೋ ವೂಫರಿನದು ಹಾಗಲ್ಲ, ಅದು ನೀರಿನ ಹಾಗೆ ಮೂಲೆ ಸುತ್ತಿ, ಬಾಗಿಲು ದಾಟಿ ಪಕ್ಕದ ಮನೆಗೂ ಹೋಗ್ತದೆ. ವಯಸ್ಸಾದ ಮೇಲೆ ಕಿವಿಗೆ ಮೊದಲು ಕಮ್ಮಿ ಆಗೋದೂ ಈ ಮೇಲಿನ ಫ್ರೀಕ್ವೆನ್ಸೀನೇ. ಅಂದ್ರೆ ಅಜ್ಜ ಅಜ್ಜಿಗೆ ಯಾವುದು ನೆಟ್ಟಗೆ ಮುಖಕ್ಕೆ ಬರ್ಬೇಕಿತ್ತೋ ಅದನ್ನೇ ನಾವು ಸೂರಿಗೆ, ಗಾಜಿನ ಖಾನೆಗೆ ಹಾಕಿ ಕೂರಿಸಿದೀವಿ, ಬೇಡದ ಗುಂಯ್ ಮಾತ್ರ ಧಾರಾಳ.

5.1 ಅಂದ್ರೆ ಮುಂದೆ ಎಡ ಬಲ ಎರಡು, ನಡುವೆ ಒಂದು, ಕೂತವರ ಪಕ್ಕ ಸ್ವಲ್ಪ ಹಿಂದೆ ಎರಡು, ಹೀಗೆ ಐದು. ಆ ಪಾಯಿಂಟ್ ಒಂದು ಅನ್ನೋದು ಸಬ್ ವೂಫರ್, ಅದಕ್ಕೆ ಬರೀ ಕೆಳಗಿನ 120 ಹರ್ಟ್ಸ್‌ವರೆಗಿನ ಶಬ್ದ ಸಾಕು, ಅದಕ್ಕೇ ಪೂರ್ತಿ ಒಂದು ಅಂತ ಲೆಕ್ಕ ಹಿಡಿದಿಲ್ಲ. ಸಿನಿಮಾ ಮಿಕ್ಸ್ ಮಾಡೋವಾಗ ಪಾತ್ರಗಳ ಮಾತು ಹೆಚ್ಚಿನಂಶ ಆ ನಡುವಿನ ಬಾಕ್ಸಿಗೇ ಹಾಕಿರ್ತಾರೆ. ನಡುವಿನ ಬಾಕ್ಸು ಅಂದ್ರೆ ಭಾಗವತರು ಅಂತ ತಿಳ್ಕೊಳ್ಳಿ. ಅವರನ್ನ ಗಾಜಿನ ಬಾಗಿಲ ಹಿಂದೆ ಕೂರ್ಸಿ, ಚಂಡೆಯವರನ್ನ ತಲೆ ಮೇಲೆ ಹತ್ತಿಸಿದ್ರೆ ಆಟ ಏನಾಗ್ಬೇಡ ಹೇಳಿ.

ಒಂದು ಭಾನುವಾರ ಬೆಳಗ್ಗೆ ಬಸ್ಸಿಗೆ ಹೋಗಿ ಕೆಲಸ ಶುರು ಮಾಡ್ದೆ. ಮೊದಲು ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ಹೊಡೆದೆ. ಟರ್ರ್ ಅಂತ ಗೋಡೆಯಿಂದ ಗೋಡೆಗೆ ಓಡಾಡ್ತು. ಎದುರುಬದುರು ಬೋಳು ಗೋಡೆ ಇದ್ರೆ ಹಾಗೇ ಆಗೋದು, ಒಂದು ಅಕ್ಷರ ಮುಗಿಯೋ ಮೊದಲೇ ಹಿಂದಿನ ಅಕ್ಷರದ ಬಾಲ ಬಂದು ಅದರ ಮೇಲೆ ಬೀಳ್ತದೆ. ಕಲ್ಯಾಣ ಮಂಟಪದಲ್ಲಿ ನಮಗೆ ಇದು ದಿನಾ ಕಾಣೋ ವಿಷಯ, ಬೆಳಗ್ಗೆ ಆರಕ್ಕೆ ಖಾಲಿ ಹಾಲಲ್ಲಿ ಮೈಕ್ ಟೆಸ್ಟ್ ಮಾಡಿದ್ರೆ ಏನೂ ಅರ್ಥ ಆಗಲ್ಲ, ಹನ್ನೊಂದಕ್ಕೆ ಜನ ತುಂಬಿದ ಮೇಲೆ ಅದೇ ಸೆಟ್ಟು, ಅದೇ ಜಾಗ, ಮಾತು ಸ್ಪಷ್ಟ, ಯಾಕಂದ್ರೆ ಜನರ ಮೈ, ಸೀರೆ, ಶಾಲು ಎಲ್ಲ ಶಬ್ದ ಕುಡೀತವೆ. ನಮ್ಮ ಹಳೇ ಮನೇಲೂ ಅಷ್ಟೇ. ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಕಂಬ, ಗೂಡು, ಒಂದು ಮೂಲೇಲಿ ಅಡಿಕೆ ಚೀಲ, ಇನ್ನೊಂದು ಕಡೆ ಹಾಸಿಗೆ ಕಂಬಳಿ ರಾಶಿ. ಶಬ್ದ ಹೋಗಿ ಎಲ್ಲೋ ಒಂದು ಕಡೆ ಕರಗ್ತದೆ, ವಾಪಸ್ ಬರಲ್ಲ. ರೇಡಿಯೋ ಚೆನ್ನಾಗಿ ಕೇಳ್ತಿದ್ದ ಗುಟ್ಟು ಅದೇ. ಆರ್‌ಸಿಸಿ ಮನೇಲಿ ಅದು ಯಾವುದೂ ಇಲ್ಲ, ನಾವೇ ತಂದು ಹಾಕ್ಬೇಕು. ಮದುವೇಲಿ ಬಂದಿದ್ದ ದಪ್ಪ ಜಮಖಾನ ಒಂದನ್ನ ಸೋಫಾಕ್ಕೂ ಟಿವಿಗೂ ನಡುವೆ ಹಾಸಿದ್ವಿ, ಗ್ಲಾಸ್ ಕಿಟಕಿಗೆ ನೆರಿಗೆ ಜಾಸ್ತಿ ಇರೋ ದಪ್ಪ ಪರದೆ. ಚಪ್ಪಾಳೆಯ ಟರ್ರ್ ಅರ್ಧಕ್ಕರ್ಧ ಹೋಯ್ತು.

ಪಕ್ಕದ ಗೋಡೇಲಿ ಎಲ್ಲಿ ಏನು ಹಾಕ್ಬೇಕು ಅಂತ ಗೊತ್ತಾಗ್ಬೇಕಂದ್ರೆ ಒಂದು ಕನ್ನಡಿ ಸಾಕು. ನೀವು ಕೂರೋ ಜಾಗದಲ್ಲಿ ಕೂತ್ಕೊಳ್ಳಿ, ಇನ್ನೊಬ್ರು ಗೋಡೆಗೆ ಕನ್ನಡಿ ಒತ್ತಿ ಹಿಡಿದು ಮೆಲ್ಲಗೆ ಸರಿಸ್ತಾ ಹೋಗ್ಲಿ, ಎಲ್ಲಿ ಕನ್ನಡೀಲಿ ಮುಂದಿನ ಬಾಕ್ಸ್ ಕಾಣ್ತದೋ ಶಬ್ದ ಮೊದಲು ತಾಗಿ ವಾಪಸ್ ಬರೋದು ಅಲ್ಲಿಂದಾನೇ. ಪುಸ್ತಕದ ಕಪಾಟೋ, ಪರದೆಯೋ ಅಲ್ಲಿಗೆ ಬಂದ್ರೆ ಒಳ್ಳೇದು. ತಮ್ಮನ ಮಗಳು ಕನ್ನಡಿ ಹಿಡ್ಕೊಂಡು ಗೋಡೆ ಉದ್ದಕ್ಕೂ ಓಡಾಡಿದ್ಲು, ಸಿಕ್ಕಿದ ಜಾಗಕ್ಕೆ ಅವಳ ಪುಸ್ತಕದ ರ್‍ಯಾಕನ್ನೇ ತಂದು ಇಟ್ವಿ.

ಇನ್ನು ಬಾಕ್ಸುಗಳ ಜಾಗ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಐಟಿಯು ಅಂತಾರಲ್ಲ, ಅವರದ್ದೇ ಇದಕ್ಕೊಂದು ಲೆಕ್ಕ ಇದೆ. ಕೂತವರ ನೇರಕ್ಕೆ ಸೆಂಟರು, ಅಲ್ಲಿಂದ ಎಡಕ್ಕೆ 30 ಡಿಗ್ರಿ, ಬಲಕ್ಕೆ 30 ಡಿಗ್ರಿ ಮುಂದಿನ ಎರಡು, ಹಿಂದಿನ ಎರಡು 100ರಿಂದ 120 ಡಿಗ್ರಿ ಒಳಗೆ. ಡಿಗ್ರಿ ಅಂದ್ರೆ ಜನ ಹೆದರ್ತಾರೆ, ಅದಕ್ಕೆ ನಾನು ಗಡಿಯಾರದಲ್ಲಿ ಹೇಳ್ತೀನಿ. ನೀವು ಗಡಿಯಾರದ ನಡುವೆ ಕೂತಿದೀರಿ, ಟಿವಿ 12ರ ಜಾಗ. ಮುಂದಿನ ಬಾಕ್ಸು 11ಕ್ಕೆ ಒಂದು, 1ಕ್ಕೆ ಒಂದು. ಹಿಂದಿನವು ಪೂರ್ತಿ ಬೆನ್ನ ಹಿಂದೆ ಅಲ್ಲ, 3 ಗಂಟೆ 40 ನಿಮಿಷ ಆದಾಗ ಸಣ್ಣ ಮುಳ್ಳು ಎಲ್ಲಿರ್ತದೋ ಅಲ್ಲೊಂದು, 8 ಗಂಟೆ 20 ನಿಮಿಷಕ್ಕೆ ಎಲ್ಲಿರ್ತದೋ ಅಲ್ಲೊಂದು. ಅದು ಸರಿಯಾಗಿ 110 ಡಿಗ್ರಿ. ಅಳತೆಗೆ ಚಪ್ಪರದ ಹಗ್ಗ ತಗೊಂಡು ಹೋಗಿದ್ದೆ. ಹತ್ತು ಹತ್ತು ಅಡಿಗೆ ಗಂಟು ಹಾಕಿ ಮೂರು ಮೂಲೆ ಎಳೆದ್ರೆ ಒಂದು ಮೂಲೇಲಿ ಅಮ್ಮ, ಉಳಿದೆರಡರಲ್ಲಿ ಎಡ ಬಲ ಬಾಕ್ಸು. ಮೂರೂ ಕಡೆ ಅಳತೆ ಸಮ ಬಂದ್ರೆ 30 ಡಿಗ್ರಿ ತಾನಾಗೇ ಬರ್ತದೆ, ಯಾವ ಯಂತ್ರವೂ ಬೇಡ. ಹಾಲ್ ಚಿಕ್ಕದಾದ್ರೆ ಏಳು ಅಡಿ ಗಂಟು ಹಾಕಿ, ಲೆಕ್ಕ ಅದೇ.

ಈ ತ್ರಿಕೋನ ಕೂರ್ಬೇಕಂದ್ರೆ ಸೋಫಾ ಗೋಡೆಗೆ ಅಂಟಿಸಿದ್ರೆ ಆಗಲ್ಲ. ಮೂರು ಅಡಿ ಮುಂದೆ ಎಳೆದೆ. ತಮ್ಮನ ಹೆಂಡ್ತಿಗೆ ಇದು ಇಷ್ಟ ಆಗ್ಲಿಲ್ಲ, ಹಾಲ್ ಚಿಕ್ಕದಾಗಿ ಕಾಣ್ತದೆ ಭಾವ ಅಂದ್ಲು, ಅವಳು ಹೇಳಿದ್ದೂ ಸುಳ್ಳಲ್ಲ. ಆದ್ರೆ ಗೋಡೆಗೆ ತಲೆ ಆನಿಸಿ ಕೂತ್ರೆ ಆ ಗೋಡೆ ಹತ್ರ ವೂಫರಿನ ಬೇಸ್ ಶಬ್ದ ಒಟ್ಟಾಗಿ ಕಿವೀಲೇ ಗುಂಯ್ ಅಂತದೆ. ಇದಕ್ಕೂ ಲೆಕ್ಕ ಇದೆ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಹೋಗ್ತದೆ, 14 ಅಡಿ ದೂರದ ಎರಡು ಗೋಡೆ ನಡುವೆ ಸುಮಾರು 40 ಹರ್ಟ್ಸಿನ ಶಬ್ದ ಹೋಗಿ ಬಂದು ಒಂದರ ಮೇಲೊಂದು ಕೂತು ಊದ್ಕೊಳ್ತದೆ, ಗೋಡೆ ಪಕ್ಕ ಅದು ಜೋರು, ಸರಿಯಾಗಿ ನಡುವೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅದಕ್ಕೇ ಗೋಡೆಗೂ ಅಂಟಬಾರದು, ಪೂರ್ತಿ ನಟ್ಟನಡುವೆಯೂ ಬೇಡ. ಒಂದು ವಾರ ಹೀಗೇ ಇಟ್ಟು ನೋಡು, ಬೇಡ ಅಂದ್ರೆ ನಾನೇ ಬಂದು ಹಿಂದೆ ಸರಿಸ್ತೀನಿ ಅಂದೆ. ಇಲ್ಲಿವರೆಗೂ ಅವಳು ಕರೆದಿಲ್ಲ, ಸೋಫಾ ಹಿಂದೆ ಈಗ ಮಕ್ಕಳ ಆಟದ ಸಾಮಾನಿನ ಬುಟ್ಟಿ ಇಟ್ಟಿದಾಳೆ.

ಸೂರಿನ ಹತ್ರ ಇದ್ದ ಮುಂದಿನ ಎರಡನ್ನ ಇಳಿಸಿ ಹಲಸಿನ ಹಲಗೆ ಸ್ಟ್ಯಾಂಡ್ ಮೇಲೆ ಇಟ್ವಿ. ಕೂತಾಗ ಅಮ್ಮನ ಕಿವಿ ನೆಲದಿಂದ ಮೂರೂಕಾಲು ಅಡಿ, ಟ್ವೀಟರೂ ಅಷ್ಟೇ ಎತ್ತರ, ಗೋಡೆಯಿಂದ ಒಂದೂವರೆ ಅಡಿ ಮುಂದೆ, ಎರಡೂ ಸ್ವಲ್ಪ ಒಳಮುಖ. ಸೆಂಟರ್ ಬಾಕ್ಸನ್ನ ಗಾಜಿನ ಖಾನೆಯಿಂದ ಬಿಡಿಸಿ ಟಿವಿ ಕೆಳಗೆ ಯೂನಿಟ್ ಮೇಲೆ ಅಂಚಿನ ತನಕ ತಂದು, ಕೆಳಗೆ ಎರಡು ರಬ್ಬರ್ ಬಿರಡೆ ಕೊಟ್ಟು ಮೂತಿ ಸ್ವಲ್ಪ ಮೇಲೆತ್ತಿ ಅಮ್ಮನ ಮುಖಕ್ಕೆ ಹಿಡಿಸ್ದೆ. ಹೆಗ್ಗೋಡಿನ ನೀನಾಸಂ ರಂಗಮಂದಿರದಲ್ಲಿ ಮೈಕ್ ಇಲ್ದೆ ನಾಟಕ ಮಾಡೋರನ್ನ ನೋಡಿ, ಎಷ್ಟೇ ಓಡಾಡಿದ್ರೂ ಮಾತಿನ ಹೊತ್ತಿಗೆ ಮುಖ ಜನರ ಕಡೆ ಬರ್ತದೆ, ಬೆನ್ನು ತಿರುಗಿಸಿ ಹೇಳಿದ ಮಾತು ಹಿಂದಿನ ಸಾಲಿಗೆ ಮುಟ್ಟಲ್ಲ. ಬಾಕ್ಸಿಗೂ ಮುಖ ಅಂತ ಒಂದಿದೆ. ಹಿಂದಿನ ಎರಡು ಮಾತ್ರ ಕಿವಿಗಿಂತ ಒಂದೆರಡು ಅಡಿ ಮೇಲಿದ್ರೆ ಚೆಂದ, ಹತ್ರ ಕೂತವರ ಕಿವಿಗೆ ನೇರ ಹೊಡೆಯಲ್ಲ. ಪಕ್ಕದ ಗೋಡೇಲಿ 5 ಅಡಿಗೆ ಹೊಡೆದ್ವಿ.

ಬಾಕ್ಸ್ ಇಳಿಸೋವಾಗ ಹಿಂದೆ ನೋಡಿದ್ರೆ ಎಡಗಡೆ ಬಾಕ್ಸಿನ ವಯರ್ ಉಲ್ಟಾ. ಕೆಂಪು ಹೋಗಿ ಕಪ್ಪು ಟರ್ಮಿನಲ್‌ಗೆ ಕೂತಿತ್ತು. ಹೀಗೆ ಒಂದು ಉಲ್ಟಾ ಆದ್ರೆ ಬಲಗಡೆ ಬಾಕ್ಸಿನಲ್ಲಿ ಅದುರಿ ಶಬ್ದ ಹೊರಡಿಸೋ ಕಾಗದ ಮುಂದೆ ತಳ್ಳೋ ಹೊತ್ತಿಗೆ ಎಡದ್ದು ಹಿಂದೆ ಎಳೀತದೆ, ಬೇಸ್ ಒಂದನ್ನೊಂದು ತಿಂದುಹಾಕ್ತದೆ, ಎದುರು ಕೂತ್ರೆ ಮಾತು ಎಲ್ಲಿಂದ ಬರ್ತಿದೆ ಅಂತಾನೇ ತಿಳಿಯಲ್ಲ, ತಲೆಯೊಳಗೆ ತೇಲಿದ ಹಾಗೆ ಆಗ್ತದೆ. ವಯರಿಗೆ ಬಣ್ಣ ಇಲ್ದೆ ಅನುಮಾನ ಬಂದ್ರೆ ಆಂಪ್ಲಿಫೈಯರ್ ಕಡೆ ವಯರ್ ಬಿಚ್ಚಿ, ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ಸು ಬಾಕ್ಸಿನ ಪ್ಲಸ್ಸಿಗೆ ಮುಟ್ಟಿದ್ರೆ ಟಪ್ ಅಂತ ವೂಫರಿನ ಕಾಗದ ಹೊರಗೆ ಬರ್ತದೆ, ಒಳಗೆ ಹೋದ್ರೆ ಉಲ್ಟಾ ಅಂತ ಲೆಕ್ಕ. ಬೆರಳ ತುದಿ ಮೆಲ್ಲಗೆ ತಾಗಿಸಿದ್ರೆ ಕತ್ತಲಲ್ಲೂ ಗೊತ್ತಾಗ್ತದೆ.

ಸಬ್ ವೂಫರ್ ವಿಷಯದಲ್ಲಿ ಜನ ಏನು ತಿಳ್ಕೊಂಡಿದಾರೆ ಅಂದ್ರೆ ಕಣ್ಣಿಗೆ ಕಾಣದ ಹಾಗೆ ಮೂಲೆಗೆ ತಳ್ಳಿದ್ರೆ ಮುಗೀತು ಅಂತ. 80 ಹರ್ಟ್ಸಿಗಿಂತ ಕೆಳಗಿನ ಶಬ್ದ ಯಾವ ದಿಕ್ಕಿಂದ ಬರ್ತಿದೆ ಅಂತ ಕಿವಿಗೆ ಸರಿಯಾಗಿ ಗೊತ್ತಾಗಲ್ಲ ಅನ್ನೋದು ನಿಜ. ಆದ್ರೆ ಮೂಲೇಲಿ ಎರಡು ಗೋಡೆ, ಒಂದು ನೆಲ ಮೂರೂ ಸೇರ್ಕೊಂಡು ಅದನ್ನ ಇಮ್ಮಡಿ ಮುಮ್ಮಡಿ ಮಾಡ್ತವೆ. ಸರಿ ಜಾಗ ಹುಡುಕೋಕೆ ಒಂದು ಉಪಾಯ ಇದೆ, ಸ್ವಲ್ಪ ವಿಚಿತ್ರ ಅನಿಸಬಹುದು, ಸಬ್ಬನ್ನ ಎತ್ತಿ ಅಮ್ಮ ಕೂರೋ ಸೋಫಾ ಮೇಲೇ ಇಟ್ಟು ಬೇಸ್ ಇರೋ ಒಂದು ಹಾಡು ಹಾಕಿ, ಆಮೇಲೆ ನೀವು ನೆಲದ ಮೇಲೆ ಮಂಡಿಯೂರಿ ಗೋಡೆ ಪಕ್ಕ ಪಕ್ಕ ಹೋಗ್ತಾ ಕಿವಿಗೊಡಿ. ಎಲ್ಲಿ ಬೇಸು ಗುಂಯ್ ಅನ್ನದೆ, ಒಂದೊಂದು ಪೆಟ್ಟು ಬಿಡಿಬಿಡಿಯಾಗಿ ಕೇಳ್ತದೋ ಅಲ್ಲೇ ಸಬ್ ಇಡಿ. ನಮ್ಮಲ್ಲಿ ಆ ಜಾಗ ಸಿಕ್ಕಿದ್ದು ಟಿವಿ ಯೂನಿಟ್ಟಿಗೂ ಬಲಗಡೆ ಬಾಕ್ಸಿಗೂ ನಡುವೆ.

ಕಡೆಗೆ ರಿಮೋಟ್ ತಗೊಂಡು ಸೆಟ್ಟಿಂಗ್ ನೋಡಿದ್ರೆ ಐದೂ ಬಾಕ್ಸಲ್ಲಿ ಒಂದೇ ಶಬ್ದ ಬರೋ ಹಾಗೆ ಹಾಕಿಟ್ಟು ಹೋಗಿದ್ರು. ಅಂಗಡೀಲಿ ಹಾಗೆ ಹಾಕಿದ್ರೆ ಸುತ್ತಲೂ ಜೋರಾಗಿ ಕೇಳ್ತದೆ, ಗಿರಾಕಿ ಖುಷಿಯಾಗ್ತಾನೆ. ಮನೇಲಿ ಒಂದೇ ಮಾತು ಐದು ಕಡೆಯಿಂದ ಐದು ಹೊತ್ತಿಗೆ ಬಂದ್ರೆ ಯಾವುದು ಅಂತ ಕೇಳೋದು? ಶಬ್ದ ಒಂದು ಅಡಿ ಬರೋಕೆ ಹೆಚ್ಚುಕಮ್ಮಿ ಒಂದು ಮಿಲಿಸೆಕೆಂಡು, ಸೆಕೆಂಡಿನ ಸಾವಿರದಲ್ಲೊಂದು ಪಾಲು, ಬೇಕು ಅಂತ ಲೆಕ್ಕ. ಆ ಸೆಟ್ಟಿಂಗ್ ತೆಗೆದು, ಪ್ರತಿ ಬಾಕ್ಸಿಗೂ ಅಮ್ಮನಿಂದ ಎಷ್ಟು ಅಡಿ ಅಂತ ಅಳೆದು ಮೆನೂನಲ್ಲಿ ಹಾಕಿದ್ವಿ, ಹತ್ತಿರದ್ದನ್ನ ಮಷೀನೇ ಸ್ವಲ್ಪ ತಡ ಮಾಡಿ ಕಳಿಸ್ತದೆ. ಸೆಟ್ ಜೊತೆ ಸಣ್ಣ ಮೈಕ್ ಕೊಟ್ಟಿದ್ರೆ ಅದೇ ಅಳೀತದೆ, ಆದ್ರೆ ಆ ಮೈಕ್ ಇಡ್ಬೇಕಾಗಿದ್ದು ತಲೆ ಇರೋ ಜಾಗದಲ್ಲಿ, ಟೀಪಾಯ್ ಮೇಲಲ್ಲ.

ಸಂಜೆ ಸೀರಿಯಲ್ ಹೊತ್ತಾಯ್ತು. ಅಮ್ಮನಿಗೆ ಏನೂ ಹೇಳ್ಲಿಲ್ಲ, ಕೈ ಹಿಡಿದು ಕರ್ಕೊಂಡು ಬಂದು ಕೂರಿಸ್ದೆ. ಮೊದಲು ವಾಲ್ಯೂಮ್ 45ರಲ್ಲಿ ಇಡ್ತಿದ್ರಂತೆ, ಈಗ 28. ಒಂದು ದೃಶ್ಯದಲ್ಲಿ ಅತ್ತೆ ಪಾತ್ರದವಳು ಬಾಗಿಲ ಹಿಂದೆ ನಿಂತು ಫೋನಲ್ಲಿ ಪಿಸುಪಿಸು ಅಂತ ಏನೋ ಹೇಳ್ತಾಳೆ. ಅಮ್ಮ ಕೈಲಿದ್ದ ಹೂವಿನ ದಾರ ಹಾಗೇ ನಿಲ್ಲಿಸಿ, "ನೋಡಾ, ಇವಳು ಆಗ ಹೇಳಿದ್ದೇ ಬೇರೆ, ಸುಳ್ಳು ಹೇಳ್ತಾ ಇದಾಳೆ" ಅಂದ್ರು. ತಮ್ಮ ನನ್ನ ಮುಖ ನೋಡ್ದ. ಇಬ್ಬರಿಗೂ ಮಾತು ಬರ್ಲಿಲ್ಲ. ಒಂದೂವರೆ ವರ್ಷ ಆ ಹೆಂಗಸನ್ನ ನಾವು ಕಿವುಡಿ ಮಾಡಿ ಅಡುಗೆಮನೇಲಿ ಕೂರಿಸಿದ್ವಿ ಸಾರ್. ಆಮೇಲೆ ನಮ್ಮ ಕಡೆ ಹದಿನೇಳು ಮನೆಗೆ ಹೋಗಿ ನೋಡಿದೀನಿ, ಬಹುಪಾಲು ಕಡೆ ಇದೇ ಕತೆ, ಬಾಕ್ಸು ಸೂರಿನಲ್ಲಿ, ಸೆಂಟರ್ ಖಾನೇಲಿ, ಅಜ್ಜನಿಗೋ ಅಜ್ಜಿಗೋ ಕಿವಿ ಕೇಳಲ್ಲ ಅಂತ ಮನೆಯವರು ಹೇಳೋದು. ನಾಲ್ಕು ಮನೇಲಿ ಕಿವಿ ನಿಜವಾಗ್ಲೂ ಹೋಗಿತ್ತು, ಅವರಿಗೆ ಡಾಕ್ಟರೇ ಬೇಕು, ಇಲ್ಲ ಅನ್ನಲ್ಲ. ಉಳಿದವರಿಗೆ ಬಾಕ್ಸ್ ಇಳಿಸಿದ್ದೇ ಔಷಧಿ ಆಯ್ತು.

ಮಲೆನಾಡಿನದ್ದೇ ಆದ ಕೆಲವು ವಿಷಯ ಇದೆ, ಅದನ್ನ ಬೆಂಗಳೂರಿನ ಲೆಕ್ಕದಲ್ಲಿ ಹೇಳೋಕಾಗಲ್ಲ. ಈಗ ಡಾಲ್ಬಿ ಆಟ್ಮಾಸ್ ಅಂತ ಬಂದಿದೆ, 2012ರಲ್ಲಿ ಥಿಯೇಟರಿಗೆ ಬಂದಿದ್ದು ಈಗ ಮನೆಗೂ ಬಂದಿದೆ, ಮೇಲಿಂದ ಮಳೆ ಸುರಿದ ಹಾಗೆ ಶಬ್ದ ಬರ್ಬೇಕು. ಅದಕ್ಕೆ ಮೇಲ್ಮುಖ ಬಾಕ್ಸ್ ಅಂತ ಮಾರ್ತಾರೆ, ಶಬ್ದ ಮೇಲಕ್ಕೆ ಹೊಡೆದು ಸೂರಿಗೆ ತಾಗಿ ನಮ್ಮ ತಲೆ ಮೇಲೆ ಬೀಳೋ ಲೆಕ್ಕಾಚಾರ. ಅದು ನಡೆಯೋಕೆ ಸೂರು ಚಪ್ಪಟೆ ಇರ್ಬೇಕು, ಗಟ್ಟಿ ಇರ್ಬೇಕು, ತುಂಬಾ ಎತ್ತರವೂ ಇರಬಾರದು. ಮಂಗಳೂರು ಹಂಚಿನ ಇಳಿಜಾರು ಮಾಡು ಇರೋ ಮನೆಗೆ ಅದನ್ನ ಮಾರಿದ್ರೆ ಶಬ್ದ ಹೋಗಿ ಎಲ್ಲೋ ಬೀಳ್ತದೆ, ದುಡ್ಡು ದಂಡ. ತೀರ್ಥಹಳ್ಳಿ ಹತ್ರದ ಒಂದು ಮನೇಲಿ ಹೀಗೇ ಆಗಿತ್ತು, ಹಂಚಿನ ಕೆಳಗಿನ ತೊಲೆಗೆ ಎರಡು ಸಣ್ಣ ಬಾಕ್ಸ್ ಕಟ್ಟಿ ಕೆಳಮುಖ ಮಾಡಿದ ಮೇಲೇ ಸರಿಹೋಗಿದ್ದು.

ಮಳೆಗಾಲದ್ದು ಬೇರೆಯೇ ಕಷ್ಟ. ಆಗುಂಬೆ, ಹುಲಿಕಲ್ ಕಡೆ ಜೂನಿಂದ ಶುರುವಾದ್ರೆ ತಗಡಿನ ಮಾಡಿನ ಮೇಲೆ ಬೀಳೋ ಮಳೆಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಲ್ಲ. ಆಗ ವಾಲ್ಯೂಮ್ ಏರಿಸಿ ಏರಿಸಿ ಬಾಕ್ಸ್ ಹರಿದುಕೊಳ್ತಾರೆ. ಅದರ ಬದಲು ಕುರ್ಚಿ ಬಾಕ್ಸಿನ ಹತ್ರ ಎಳೀರಿ, ದೂರ ಅರ್ಧ ಆದ್ರೆ ಬಾಕ್ಸಿಂದ ನೇರ ಬರೋ ಶಬ್ದ 6 ಡೆಸಿಬೆಲ್ (ಶಬ್ದದ ಜೋರಿನ ಅಳತೆ) ಜಾಸ್ತಿ ಆಗ್ತದೆ, ಪುಕ್ಕಟೆಯಾಗಿ. ತೇವ ಹಿಡಿಯೋ ಹೊರಗೋಡೆಗೆ ಬಾಕ್ಸ್ ಒತ್ತಿ ಇಡಬೇಡಿ, ಕಾಗದಕ್ಕೆ ಬೂಸ್ಟು ಬರ್ತದೆ. ಗುಡುಗು ಸಿಡಿಲಿನ ದಿನ ಪ್ಲಗ್ಗು, ಡಿಶ್ ವಯರು ಎರಡೂ ಕೀಳ್ರಿ, ಇದು ಎಲ್ರಿಗೂ ಗೊತ್ತಿರೋದೇ.

ಅಂಗಡಿಯವರಿಗೆ ನನ್ನ ವಿನಂತಿ ಒಂದೇ. ಬಾಕ್ಸ್ ಹೊಡೆಯೋ ಮೊದಲು ಆ ಮನೇಲಿ ಟಿವಿ ಹೆಚ್ಚು ನೋಡೋರು ಯಾರು, ಅವರು ಎಲ್ಲಿ ಕೂರ್ತಾರೆ ಅಂತ ಕೇಳಿ, ಹೊಡೆದಾದ ಮೇಲೆ ಆ ಜಾಗದಲ್ಲಿ ನೀವೇ ಕೂತು ಹತ್ತು ನಿಮಿಷ ವಾರ್ತೆ ಕೇಳಿ. ಹಾಡು ಹಾಕಬೇಡಿ, ಹಾಡಿನಲ್ಲಿ ತಪ್ಪು ಮುಚ್ಚಿಹೋಗ್ತದೆ, ವಾರ್ತೆ ಓದೋರ ಮಾತಿನಲ್ಲಿ ಮುಚ್ಚೋಕಾಗಲ್ಲ. ಪಿಎಂಪಿಓ, ಅಂದ್ರೆ ಒಂದು ಕ್ಷಣಕ್ಕೆ ಮಾತ್ರ ಬರೋ ಗರಿಷ್ಠ ಶಕ್ತಿ, ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರೋ ಡಬ್ಬ ತೋರಿಸಿ ಜನರಿಗೆ ಆಸೆ ಹುಟ್ಟಿಸೋದೂ ಬೇಡ, ಆ ನಂಬರಿಗೆ ಅರ್ಥ ಇಲ್ಲ, ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋ ನಿಜವಾದ ವ್ಯಾಟ್, ಎಷ್ಟು ಅಂತ ಹೇಳಿ.

ಮನೆ ಕಟ್ಟಿಸೋರಿಗೆ, ಮೇಸ್ತ್ರಿಗಳಿಗೆ, ವಯರಿಂಗ್ ಮಾಡೋರಿಗೂ ಹೇಳೋದಿದೆ. ಬಾಕ್ಸ್ ಸೂರಿಗೆ ಹೋಗೋಕೆ ಮುಖ್ಯ ಕಾರಣವೇ ವಯರ್ ಕಾಣಬಾರದು ಅನ್ನೋದು. ಪ್ಲಾಸ್ಟರಿಂಗ್ ಆಗೋ ಮೊದಲೇ ಟಿವಿ ಗೋಡೆಯಿಂದ ಕೂರೋ ಜಾಗದ ಎರಡೂ ಪಕ್ಕಕ್ಕೆ ಒಂದೊಂದು ಖಾಲಿ ಪೈಪ್ ಎಳೆದು 5 ಅಡಿ ಎತ್ತರಕ್ಕೆ ಬಾಯಿ ಬಿಟ್ಟಿದ್ರೆ ಮುಂದೆ ಯಾರೂ ಗೋಡೆ ಒಡೆಯೋದೇ ಬೇಡ. ಕರೆಂಟಿನ ಪೈಪಲ್ಲೇ ಅದನ್ನ ತೂರಿಸಬೇಡಿ, ಗೊರ್ ಅಂತ ಹಮ್ಮಿಂಗ್ ಬರ್ತದೆ, ಅಪಾಯವೂ ಹೌದು. ಟಿವಿಯಿಂದ ಸೆಟ್ಟಿಗೆ ಬರೋ ಪೈಪ್ ಮಾತ್ರ ಒಂದೂಕಾಲು ಇಂಚಿಗೆ ಕಮ್ಮಿ ಬೇಡ, ಎಚ್‌ಡಿಎಂಐ ಕೇಬಲ್ಲಿನ ತಲೆ ಮುಕ್ಕಾಲು ಇಂಚಿನ ಪೈಪಲ್ಲಿ ತೂರಲ್ಲ. ಕಟ್ಟೋವಾಗ ಇದಕ್ಕೆ ಆಗೋ ಖರ್ಚು ನಾಲ್ಕು ಬಾಗಿಲ ಹಿಡಿಕೆಗಿಂತ ಕಮ್ಮಿ.

ಇನ್ನೊಂದು ಮಾತು ನೆರೆಮನೆಯವರ ಪರವಾಗಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಜಾಗದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಮೈಕ್ ಸೆಟ್ಟಿನವರಿಗೆ ಇದು ಬಾಯಿಪಾಠ, ಮನೆಯವರಿಗೆ ಗೊತ್ತಿರಲ್ಲ. ಬಾಕ್ಸ್ ಕಿವಿಯ ಎದುರು ಬಂದ್ರೆ ವಾಲ್ಯೂಮ್ ತಾನಾಗೇ ಇಳೀತದೆ, ಅಮ್ಮನ ಟಿವಿ ವಾಲ್ಯೂಮ್ ನಂಬರು 45ರಿಂದ 28ಕ್ಕೆ ಇಳಿದ ಹಾಗೆ.

ನಿಮ್ಮ ಪೇಪರಿಗೆ ನನ್ನ ಕೋರಿಕೆ ಏನಂದ್ರೆ ಮುಂದಿನ ಸಲ ಆ ಪುಟ ಮಾಡೋವಾಗ ರೇಟಿನ ಪಟ್ಟಿ ಪಕ್ಕ ಅರ್ಧ ಪುಟ ಈ ಚಿತ್ರಕ್ಕೆ ಬಿಡಿ. ಚಿತ್ರ ಬರೆಯೋವಾಗ ಪೇಟೆ ಫ್ಲಾಟಿನ ಹಾಲ್ ಒಂದೇ ಬೇಡ, ಜಗುಲೀಲಿ ಟಿವಿ ಇಟ್ಕೊಂಡಿರೋ ಹಂಚಿನ ಮನೇದೂ ಒಂದು ಬರೀರಿ, ನಮ್ಮ ಕಡೆ ಜಗುಲಿ ಉದ್ದ ಜಾಸ್ತಿ ಅಗಲ ಕಮ್ಮಿ, ಅಲ್ಲಿ ಹತ್ತು ಅಡಿ ತ್ರಿಕೋನ ಕೂರಲ್ಲ, ಆರು ಅಡಿದು ಹಾಕಿ ಹಿಂದಿನ ಬಾಕ್ಸ್ ಕಂಬಕ್ಕೆ ಕಟ್ಟಬೇಕಾಗ್ತದೆ. ನಿಮ್ಮ ಚಿತ್ರ ಬರೆಯೋರು ಈ ಕಡೆ ಬರೋದಾದ್ರೆ ನಮ್ಮನೆ ಜಗುಲೀಲೇ ಹಗ್ಗ ಎಳೆದು ತೋರಿಸ್ತೀನಿ. ಅಮ್ಮ ಈಗ ಊರಲ್ಲೇ ಇದಾರೆ.

ಇಂತಿ ನಿಮ್ಮ ಓದುಗ,
ಒಬ್ಬ ಮೈಕ್ ಸೆಟ್ ಕೆಲಸಗಾರ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ